ಖಾಲಿ ಹಿತ್ತಲು

ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯಲ್ಲಿ ಜಯವಂತ ಮಾಸ್ತರ ಎಂಬ ಆಟದ ಗುರುಗಳಿದ್ದರು. ಅವರ ಬಳಿ ಮೌನೇಶ ಎಂಬ ಶಿಷ್ಯನಿದ್ದ. ಮೌನೇಶ ಬಡಿಗೇರ ಮನೆತನದವನು. ಹಗಲೆಲ್ಲ ಬಾಗಿಲು, ಚೌಕಟ್ಟುಗಳ ಕೆಲಸ ಮಾಡಿ ಸಂಜೆ ಬಯಲಿಗೆ ಬರುತ್ತಿದ್ದ. ಅವನ ತೋಳಿಗೆ ಬಲವಿತ್ತು, ಕಣ್ಣಿಗೆ ಗುರಿಯಿತ್ತು. ಎದೆಯಲ್ಲಿ ಮಾತ್ರ ಒಂದು ಅಂಜಿಕೆ ಮನೆ ಮಾಡಿತ್ತು. ಆ ಅಂಜಿಕೆಗೆ ಬೆಲೆ ತೆತ್ತವನು ಮೌನೇಶ ಅಲ್ಲ, ಅವನ ಜೀವದ ಗೆಳೆಯ ದಾವಲಸಾಬ. ಅದು ಹೇಗಾಯಿತು ಎಂಬುದನ್ನು ಹೇಳುತ್ತೇನೆ, ಕೇಳಿ.

ಮೊದಲು ಆಟದ ವಿಷಯ ತಿಳಿಯಬೇಕು. ಅದು ನಮ್ಮ ಕಾಲ್ಚೆಂಡಿನಾಟವಲ್ಲ, ಅಮೆರಿಕನ್ ಫುಟ್‌ಬಾಲ್. ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪಾಗಿ ತೆಂಗಿನಕಾಯಿಯ ಹಾಗಿರುತ್ತದೆ. ಅದನ್ನು ಒದೆಯುವುದು ಅಪರೂಪ. ಹಿಡಿದು ಓಡಬೇಕು, ಇಲ್ಲವೇ ಮುಂದೆ ಓಡುತ್ತಿರುವವನಿಗೆ ಎಸೆಯಬೇಕು. ಹೀಗೆ ಸ್ವಲ್ಪ ಸ್ವಲ್ಪವೇ ನೆಲ ಗೆಲ್ಲುತ್ತಾ ಎದುರಾಳಿಯ ಕೊನೆಯ ಗೆರೆ ದಾಟಬೇಕು. ಎದುರಾಳಿಗಳು ಚೆಂಡು ಹಿಡಿದವನನ್ನು ಕೆಡವಿ ಹಾಕುತ್ತಾರೆ. ಅದಕ್ಕೇ ಎಲ್ಲರ ತಲೆಗೂ ಹೆಲ್ಮೆಟ್, ಭುಜಕ್ಕೂ ಎದೆಗೂ ದಪ್ಪ ಕವಚ. ಜಯವಂತ ಮಾಸ್ತರರು ಈ ಆಟವನ್ನು ಪುಣೆಯ ಒಂದು ಶಿಬಿರದಲ್ಲಿ ಕಲಿತು ಬಂದು, ಊರಿನ ದುಡಿಯುವ ಹುಡುಗರನ್ನು ಕೂಡಿಸಿ ತಂಡ ಕಟ್ಟಿದ್ದರು.

ಒಂದು ಸಲಕ್ಕೆ ತಂಡದಿಂದ ಬಯಲಿಗಿಳಿಯುವವರು ಹನ್ನೊಂದು ಜನ. ಅವರಲ್ಲಿ ಐವರು ಮುಂದೆ ಗೋಡೆಯ ಹಾಗೆ ನಿಲ್ಲುತ್ತಾರೆ. ಅವರ ಹಿಂದೆ ಎಸೆಗಾರ. ಚೆಂಡು ಮೊದಲು ಬರುವುದು ಅವನ ಕೈಗೆ. ಎಲ್ಲಿಗೆ ಎಸೆಯಬೇಕು ಎಂದು ನೋಡುವವನು ಅವನೇ. ಉಳಿದ ಐವರು ಓಡಿ ಹೋಗಿ ಚೆಂಡು ಹಿಡಿಯಬಲ್ಲವರು. ಆದರೆ ಬೇಕೆಂದರೆ ಅವರಲ್ಲಿ ಒಬ್ಬಿಬ್ಬರನ್ನು ಎಸೆಗಾರನ ಪಕ್ಕದಲ್ಲೇ ಕಾವಲಿಗೆ ನಿಲ್ಲಿಸಿಕೊಳ್ಳಬಹುದು. ಗೋಡೆಯ ಹಿಂದಿನ ಆ ಜಾಗವನ್ನು ಬೆಟಗೇರಿಯ ಹುಡುಗರು ಹಿತ್ತಲು ಎಂದು ಕರೆಯುತ್ತಿದ್ದರು.

ಮೌನೇಶ ತಂಡದ ಎಸೆಗಾರ. ಅವನ ಹಿತ್ತಲಿನ ಕಾವಲುಗಾರ ದಾವಲಸಾಬ.

ದಾವಲ ದಲಾಲರ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಎತ್ತರ ಕಡಿಮೆ, ಕುತ್ತಿಗೆ ದಪ್ಪ, ಮಾತು ಜಾಸ್ತಿ. ಎದುರಾಳಿ ಎಷ್ಟೇ ದೊಡ್ಡವನಿರಲಿ, ತಲೆ ತಗ್ಗಿಸಿ ನುಗ್ಗಿ ಅಡ್ಡ ನಿಲ್ಲುತ್ತಿದ್ದ. ಅವನಿಗೆ ಓಟವೂ ಚೆನ್ನಾಗಿತ್ತು. ಚೆಂಡು ಹಿಡಿಯುವ ಕೈಯಂತೂ ಇನ್ನೂ ಚೆನ್ನಾಗಿತ್ತು. ಆದರೆ ಅವನಿಗೆ ಚೆಂಡು ಹಿಡಿಯುವ ಅವಕಾಶ ಸಿಗುತ್ತಿದ್ದುದೇ ಅಪರೂಪ. ಯಾಕೆಂದರೆ ಮೌನೇಶ ಅವನನ್ನು ತನ್ನ ಪಕ್ಕದಿಂದ ಕದಲಗೊಡುತ್ತಿರಲಿಲ್ಲ.

ತಂಡ ಕಟ್ಟಿದ ಹೊಸದರಲ್ಲೇ ಜಯವಂತ ಮಾಸ್ತರರು ಮೌನೇಶನಿಗೆ ಒಂದು ಮಾತು ಹೇಳಿದ್ದರು.

"ಮೌನೇಶ, ಹಿತ್ತಲಾ ಖಾಲಿ ಮಾಡಿ ಆಡೂದು ಕಲಿ. ಐದೂ ಮಂದಿನ್ನ ದೂರ ದೂರ ಹರಡಿ ನಿಂದ್ರಸು. ನೀ ಒಬ್ಬಾಂವ ನಿಂದರು."

ಮೌನೇಶ ಗಾಬರಿಯಾದ. "ಒಬ್ಬಾಂವನ? ಬ್ಯಾಡ್ರಿ ಸರ್. ನನ್ನ ಬಾಜೂಕ ಯಾರರೆ ಇರಬೇಕು. ದಾವಲ್ಯಾ ಇದ್ದರ ನನಗ ಧೈರ್ಯ."

"ಧೈರ್ಯ ನಿಂದಿರಬೇಕೋ, ದಾವಲಂದೋ?" ಎಂದರು ಮಾಸ್ತರರು.

ಪಕ್ಕದಲ್ಲಿದ್ದ ದಾವಲ ನಕ್ಕು, "ಇರಲಿ ಬಿಡ್ರಿ ಸರ್. ನಾ ನಿಂದರ್ತೀನಿ. ಇವಗ ಮೈ ಮ್ಯಾಲ ಯಾರರೆ ಬಂದ್ರಂದ್ರ ಕಣ್ಣ ಮುಚಗೋತಾನ" ಎಂದ. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಆದರೂ ಶಿಷ್ಯನ ಮನಸ್ಸು ಒಪ್ಪದ್ದನ್ನು ಬಲವಂತವಾಗಿ ಮಾಡಿಸುವುದು ಬೇಡವೆಂದು ಸುಮ್ಮನಾದರು.

ಆ ವರ್ಷ ಬೆಟಗೇರಿಯ ತಂಡ ಕೆಲವು ಆಟ ಗೆದ್ದಿತು. ಮಳೆಗಾಲ ಮುಗಿದ ಮೇಲೆ ಬಾಗಲಕೋಟೆಯ ಕಡೆಯ ಒಂದು ತಂಡ ಆಡಲು ಬಂತು. ಕಬ್ಬಿನ ನಾಡಿನ ಹುಡುಗರು, ಗಟ್ಟಿ ಮೈಯವರು. ಅವರಲ್ಲಿ ಕಲ್ಮೇಶ ಎಂಬವನು ಟ್ರ್ಯಾಕ್ಟರಿಗೆ ಕಬ್ಬು ಹೇರುವ ಆಳು. ಆರಡಿ ಮೇಲಿದ್ದ. ಅವನು ಓಡಿ ಬಂದನೆಂದರೆ ನೆಲ ನಡುಗಿದಂತಾಗುತ್ತಿತ್ತು.

ಆ ತಂಡಕ್ಕೆ ಒಂದೇ ವಿದ್ಯೆ ಗೊತ್ತಿತ್ತು. ಎಸೆಗಾರನಿಗೆ ಯೋಚಿಸಲು ಸಮಯ ಕೊಡದೆ, ಗುಂಪಾಗಿ ಅವನ ಮೇಲೆಯೇ ಏರಿ ಬರುವುದು. ಈ ಆಟದವರು ಅದನ್ನು ಬ್ಲಿಟ್ಜ್ ಎನ್ನುತ್ತಾರೆ. ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಎಂಬುದು ಚೆಂಡು ನೆಲದಿಂದ ಎದ್ದು ಎಸೆಗಾರನ ಕೈಗೆ ಹೋಗುವ ತನಕ ಗೊತ್ತಾಗುವುದಿಲ್ಲ. ಮೌನೇಶನ ಕಡೆಯವರು ನಡುವೆಯೇ ಗುಂಪಾಗಿ ನಿಂತಿದ್ದರಿಂದ ಎದುರಾಳಿಗಳೂ ನಡುವೆಯೇ ಗುಂಪಾಗಿ ನಿಂತರು. ಆ ಗುಂಪಿನಲ್ಲಿ ಯಾರ ಕಣ್ಣಲ್ಲಿ ಏನಿದೆ ಎಂದು ಹೇಗೆ ತಿಳಿಯಬೇಕು?

ಮೊದಲೆರಡು ಸಲ ದಾವಲ ಅಡ್ಡ ನಿಂತು ತಡೆದ. ಮೂರನೆಯ ಸಲ ಇಬ್ಬರು ಒಟ್ಟಿಗೆ ಬಂದರು. ಒಬ್ಬನನ್ನು ಎದೆಯಿಂದ ತಡೆದ, ಇನ್ನೊಬ್ಬನ ಕಾಲಿಗೆ ಬಿದ್ದು ಕೆಡವಿದ. ಎದ್ದು ಬಂದಾಗ ಅವನ ತುಟಿ ಒಡೆದು ರಕ್ತ ಸೋರುತ್ತಿತ್ತು.

"ಮೌನ್ಯಾ, ಲಗೂ ಒಗಿಯೋ" ಎಂದ. "ಇಷ್ಟೊತ್ತು ಹಿಡಕೊಂಡು ಏನ ಮಾಡ್ತಿ?"

"ಯಾರೂ ಖಾಲಿ ಕಾಣವಲ್ಲರು ದಾವಲ್ಯಾ."

"ಕಾಣ್ತಾರ. ನೀ ಬರಾಂವನ್ನ ನೋಡಬ್ಯಾಡ, ಅವ ಬಿಟ್ಟ ಬಂದ ಜಾಗಾ ನೋಡು."

ಮೌನೇಶ ಹೂಂ ಎಂದ. ಮತ್ತೆ ಚೆಂಡು ಅವನ ಕೈಗೆ ಬಂತು. ಎದುರಿನ ಗುಂಪು ಒಡೆದು ಕಲ್ಮೇಶ ಹೊರಗೆ ಬಂದ. ಅವನ ಬೆನ್ನಿಗೆ ಮತ್ತೊಬ್ಬ. ದೂರದಲ್ಲಿ ಬೆಟಗೇರಿಯ ಫಕೀರೇಶ ಎಂಬ ಸಣಕಲ ಹುಡುಗ ಯಾರ ಕಾವಲೂ ಇಲ್ಲದೆ ಕೈಯೆತ್ತಿ ಓಡುತ್ತಿದ್ದ. ಮೌನೇಶನ ಕಣ್ಣು ಅವನ ಕಡೆ ಹೋಗಲಿಲ್ಲ. ಕಲ್ಮೇಶನ ಮೇಲೆ ನೆಟ್ಟುಬಿಟ್ಟಿತ್ತು. ಒಂದು ಹೆಜ್ಜೆ ಹಿಂದೆ ಸರಿದ, ದಾವಲನ ಬೆನ್ನಿಗೆ ಆನಿಕೊಂಡ.

"ಒಗಿ!" ಎಂದು ದಾವಲ ಕೂಗಿದ. "ಒಗಿಯೋ!"

ಮೌನೇಶ ಎಸೆಯಲಿಲ್ಲ. ಚೆಂಡನ್ನು ಹೊಟ್ಟೆಗೆ ಅವುಚಿಕೊಂಡ. ದಾವಲ ತಲೆ ತಗ್ಗಿಸಿ ಕಲ್ಮೇಶನಿಗೆ ಎದುರಾದ. ಅದೇ ಹೊತ್ತಿಗೆ ಇನ್ನೊಬ್ಬ ಪಕ್ಕದಿಂದ ಬಂದು ಬಡಿದ. ಒಣಗಿದ ಕಟ್ಟಿಗೆ ಮುರಿದಂಥ ಸದ್ದಾಯಿತು. ಬಡಿಗತನ ಮಾಡುವ ಮೌನೇಶನಿಗೆ ಆ ಸದ್ದು ಚೆನ್ನಾಗಿ ಗೊತ್ತು. ಆದರೆ ಅಲ್ಲಿ ಕಟ್ಟಿಗೆ ಇರಲಿಲ್ಲ.

ದಾವಲ ಅಂಗಾತ ಬಿದ್ದಿದ್ದ. ಕಣ್ಣು ತೆರೆದೇ ಇತ್ತು.

"ಏಳೋ" ಎಂದ ಮೌನೇಶ.

"ಏಳ್ತೀನಿ ತಡಿ" ಎಂದ ದಾವಲ. ಕೈಯೂರಿ ಏಳಲು ನೋಡಿ, "ನನ್ನ ಕಾಲು ಎಲ್ಲಿ ಅದಾವೋ ಮೌನ್ಯಾ?" ಎಂದು ಕೇಳಿದ.

ಕಾಲು ಅಲ್ಲೇ ಇದ್ದವು. ಆದರೆ ಅಂದಿನಿಂದ ಅವು ದಾವಲನ ಮಾತು ಕೇಳಲಿಲ್ಲ. ಬೆನ್ನೆಲುಬು ಮುರಿದು ಒಳಗಿನ ನರ ಹಾಳಾಗಿದೆ, ಸೊಂಟದ ಕೆಳಗೆ ಇನ್ನು ಜೀವ ಬರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಆಸ್ಪತ್ರೆಯ ಬಾಗಿಲ ಹೊರಗೆ ಕಲ್ಮೇಶ ಬಂದು ನಿಂತಿದ್ದ. ಒಳಗೆ ಬರಲು ಅವನಿಗೆ ಧೈರ್ಯವಾಗಲಿಲ್ಲ. ದಾವಲನ ತಾಯಿ ಹಜರತಬಿ ಅವನನ್ನು ನೋಡಿ, "ನೀ ಬೇಕಂತ ಮಾಡಿಲ್ಲಪ್ಪಾ, ಹೋಗು" ಎಂದಳು. ಅವನು ಅಳುತ್ತಾ ಹೋದ.

ಹಜರತಬಿ ಮೌನೇಶನಿಗೆ ಏನೂ ಹೇಳಲಿಲ್ಲ. ಅವಳು ಬಯ್ದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ತಂಡ ಒಡೆಯಿತು. ಕೆಲವರ ಮನೆಯವರು ಆಟಕ್ಕೆ ಕಳಿಸಲಿಲ್ಲ. ಬಯಲಲ್ಲಿ ಹುಲ್ಲು ಬೆಳೆಯಿತು. ಬೇಸಿಗೆ ಕಳೆಯುವ ಹೊತ್ತಿಗೆ ಒಬ್ಬೊಬ್ಬರೇ ಮತ್ತೆ ಬಯಲಿಗೆ ಬರತೊಡಗಿದರು. ಮೌನೇಶನೂ ಬಂದ. ಚೆಂಡು ಕೈಗೆತ್ತಿಕೊಂಡರೂ ಎಸೆಯದೆ ಕೆಳಗಿಡುತ್ತಿದ್ದ. ಆಗ ಸುದ್ದಿ ಬಂತು, ಬರುವ ಚಳಿಗಾಲದಲ್ಲಿ ಅದೇ ಕಬ್ಬಿನ ನಾಡಿನ ತಂಡದೊಂದಿಗೆ ಮತ್ತೆ ಆಟ.

ಹುಡುಗರೆಲ್ಲ ಕೂಡಿ ಮಾಸ್ತರರ ಬಳಿ ಬಂದರು.

"ಸರ್, ಈ ಸಲ ಹಿತ್ತಲದಾಗ ಮೂರು ಮಂದಿ ನಿಂದ್ರಸೂಣ್ರಿ. ಒಬ್ಬಾಂವ ಸಾಲಲಿಲ್ಲ."

ಮೌನೇಶ ಗಟ್ಟಿಯಾಗಿ ತಲೆಯಾಡಿಸಿದ. "ಹೌದ್ರಿ ಸರ್. ಮೂರು ಮಂದಿ ಇದ್ದಿದ್ದರ ದಾವಲ್ಯಾಗ ಹಿಂಗ ಆಗ್ತಿರಲಿಲ್ಲ."

ಆ ಒಂದು ವರ್ಷದಲ್ಲಿ ಜಯವಂತ ಮಾಸ್ತರರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಎದ್ದು, "ಬಾ ಇಲ್ಲೆ" ಎಂದು ಮೌನೇಶನನ್ನು ಕರೆದರು. "ಇವತ್ತ ನೀ ಎಸೆಗಾರ ಅಲ್ಲ. ನೀ ಕಲ್ಮೇಶ. ಆ ಕಡೆ ಹೋಗಿ ನಿಂದರು."

ಮೌನೇಶ ಎದುರಾಳಿಯ ಜಾಗದಲ್ಲಿ ನಿಂತ. ಮಾಸ್ತರರು ಬೇರೊಬ್ಬನನ್ನು ಎಸೆಗಾರನನ್ನಾಗಿ ಮಾಡಿ, ಅವನ ಸುತ್ತ ಮೂವರನ್ನು ನಿಲ್ಲಿಸಿದರು. ನಡುವೆ ದೊಡ್ಡ ಗುಂಪಾಯಿತು.

"ಈಗ ಹೇಳು. ಏರಿ ಹೋಗಾಕ ಅಂಜಿಕಿ ಬರ್ತದೇನು?"

ಮೌನೇಶ ನೋಡಿದ. ಅವನ ಅಕ್ಕಪಕ್ಕದಲ್ಲಿ ಎದುರಾಳಿಗಳಾದ ಉಳಿದ ಹುಡುಗರು ಒತ್ತೊತ್ತಾಗಿ ನಿಂತಿದ್ದರು. ಎಸೆಗಾರನ ಕಣ್ಣು ಯಾರ ಮೇಲೆಂದು ಇಲ್ಲದೆ ಓಡಾಡುತ್ತಿತ್ತು. "ಇಲ್ರಿ" ಎಂದ. "ನಾ ಬರ್ತೀನಂತ ಅವಗ ಗೊತ್ತಿಲ್ಲ. ಬಂದರೂ ನಾ ಕಳಕೊಳ್ಳೂದು ಏನೂ ಇಲ್ಲ. ಚೆಂಡು ಹಿಡ್ಯಾಕ ಹೊರಗ ಇರೋರು ಇಬ್ಬರ. ಅವರನ್ನ ನೋಡ್ಕೊಳ್ಳಾಕ ನಮ್ಮವರು ಬೇಕಾದಷ್ಟು ಮಂದಿ ಅದಾರ."

"ಸರಿ." ಮಾಸ್ತರರು ಆ ಮೂವರನ್ನೂ ಹಿತ್ತಲಿನಿಂದ ಹೊರಗೆ ಕಳಿಸಿದರು. ಐವರನ್ನೂ ಬಯಲಿನ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿದರು. ಎಸೆಗಾರ ಒಬ್ಬನೇ ಉಳಿದ. ಮೌನೇಶನ ಅಕ್ಕಪಕ್ಕದವರು ಆ ಐವರ ಹಿಂದೆ ಹರಡಿ ಹೋಗಲೇಬೇಕಾಯಿತು. ಹೋಗದಿದ್ದರೆ ಚೆಂಡು ಅವರ ಕೈಗೆ ಸಿಕ್ಕು ಕೊನೆಯ ಗೆರೆ ದಾಟಿಬಿಡುತ್ತಿತ್ತು. ಫಕೀರೇಶ ಬಂದು ಮೌನೇಶನ ಮುಂದೆಯೇ ನಿಂತ.

"ಈಗ ಏರಿ ಹೋಗು."

ಮೌನೇಶ ಹೆಜ್ಜೆ ಎತ್ತಿದ, ಮತ್ತೆ ಇಟ್ಟ. ಏರಿ ಹೋದರೆ ಫಕೀರೇಶ ಖಾಲಿಯಾಗುತ್ತಾನೆ. ಹೋಗದೆ ನಿಂತರೆ ಎಸೆಗಾರನಿಗೆ ಸಮಯ ಸಿಗುತ್ತದೆ. ಎಸೆಗಾರನ ಕಣ್ಣು ಈಗ ನೇರವಾಗಿ ತನ್ನನ್ನೇ ನೋಡುತ್ತಿದೆ. ಅಡಗಲು ಗುಂಪಿಲ್ಲ.

"ಈಗ ಅಂಜಿಕಿ ಯಾರಿಗೆ?" ಎಂದು ಮಾಸ್ತರರು ಕೇಳಿದರು.

ಮೌನೇಶನಿಗೆ ಅರ್ಥವಾಗಿತ್ತು. ಆದರೆ ಅರ್ಥವಾದದ್ದು ಅವನಿಗೆ ಬೇಕಿರಲಿಲ್ಲ.

ಮಾಸ್ತರರು ಹತ್ತಿರ ಬಂದು, ಅವನೊಬ್ಬನಿಗೇ ಕೇಳುವಂತೆ ಹೇಳಿದರು: "ಸುಳ್ಳು ಹೇಳಿ ನಿನ್ನ ನಿಂದ್ರಸೂದಿಲ್ಲ. ಮುಂದ ಗ್ವಾಡಿಯಾಗ ನಮ್ಮವರು ಐದು ಮಂದಿ. ಅವರು ಆರು ಮಂದಿ ಬಂದರ, ಒಬ್ಬಾಂವನ್ನ ತಡ್ಯಾವರು ಯಾರೂ ಇರೂದಿಲ್ಲ. ಅವ ನಿನ್ನ ಪಾಲಿನಾಂವ. ಅವ ಬಂದು ಹೊಡದ ಹೊಡೀತಾನ. ಅದು ತಪ್ಪೂದಿಲ್ಲ. ಆದರ ಅವ ಮುಟ್ಟೂದರೊಳಗ ಚೆಂಡು ನಿನ್ನ ಕೈಯಾಗ ಇರಬಾರದು."

"ಹೊಡೆತ ಮಾತ್ರ ನನಗ."

"ಹೌದು. ನಿನಗ. ನಿನ್ನ ಬದಲಿಗೆ ಮತ್ತೊಬ್ಬಗಲ್ಲ."

ಮೌನೇಶ ಹೆಲ್ಮೆಟ್ ಕಳಚಿ ನೆಲದ ಮೇಲಿಟ್ಟ. "ನನ್ನ ಕೈಲೆ ಆಗೂದಿಲ್ಲ ಸರ್" ಎಂದು ಹೇಳಿ ಬಯಲಿನಿಂದ ಹೊರಟುಹೋದ. ಮಾಸ್ತರರು ಅವನನ್ನು ಕರೆಯಲಿಲ್ಲ.

ಕೆಲವು ದಿನ ಅವನು ಆ ಕಡೆ ಸುಳಿಯಲಿಲ್ಲ. ಒಂದು ಮಧ್ಯಾಹ್ನ ದಾವಲನ ಮನೆಗೆ ಹೋದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ದಾವಲನನ್ನು ನೋಡಲು ಹೋಗಿದ್ದು ಕಡಿಮೆ. ಹೋದರೂ ಬಾಗಿಲ ಬಳಿ ನಿಂತು, ಏನಾದರೂ ಹಣ್ಣು ಕೊಟ್ಟು ಬಂದುಬಿಡುತ್ತಿದ್ದ. ಅಂದು ಒಳಗೆ ಹೋಗಿ ಕುಳಿತ. ದಾವಲ ಮಂಚದ ಮೇಲೆ ಮಲಗಿದ್ದ. ಆ ದಪ್ಪ ಕುತ್ತಿಗೆ ಕರಗಿ ಎಲುಬು ಕಾಣುತ್ತಿತ್ತು. ಮಾತು ಜಾಸ್ತಿಯಾಗಿದ್ದವನು ಈಗ ಮಾತೇ ಆಡುತ್ತಿರಲಿಲ್ಲ.

ಮೌನೇಶನೇ ಹೇಳತೊಡಗಿದ. ಮತ್ತೆ ಆಟ ಬಂದಿದೆ ಎಂದ. ಮಾಸ್ತರರು ಹಿತ್ತಲು ಖಾಲಿ ಮಾಡು ಎನ್ನುತ್ತಿದ್ದಾರೆ ಎಂದ. ಕಾವಲಿಗೆ ಮೂವರಾದರೂ ಬೇಕೆಂದು ತಾನು ಹೇಳಿದ್ದಾಗಿಯೂ, ಅವರು ಒಪ್ಪಲಿಲ್ಲವೆಂದೂ ಹೇಳಿದ.

ದಾವಲ ಜಂತಿ ನೋಡುತ್ತಾ ಕೇಳಿಸಿಕೊಂಡ. ಆಮೇಲೆ ಕೇಳಿದ: "ಯಾರ್ಯಾರು ಆ ಮೂರು ಮಂದಿ?"

"ಏನು?"

"ನಿನ್ನ ಸಲುವಾಗಿ ನಿಂದ್ರೋ ಮೂರು ಮಂದಿ ಯಾರಂತ ಕೇಳಿದೆ. ಹೆಸರು ಹೇಳು."

ಮೌನೇಶನಿಗೆ ಹೆಸರು ಹೇಳಲು ಬಾಯಿ ಬರಲಿಲ್ಲ.

"ಮಂದಿ ನಾ ಬಿದ್ದದ್ದಕ್ಕ ಕಲ್ಮೇಶನ್ನ ಬೈತಾರ. ದೈವ ಅಂತಾರ" ಎಂದ ದಾವಲ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದನ್ನೇ ಮೌನೇಶನಿಗೆ ತಡೆದುಕೊಳ್ಳಲಾಗಲಿಲ್ಲ. "ನಾ ನೆಲಾ ಮುಟ್ಟಿದಾಗ ನಿನ್ನ ಕಡೆ ನೋಡಿದ್ನಿ. ಚೆಂಡು ಇನ್ನೂ ನಿನ್ನ ಕೈಯಾಗ ಇತ್ತು. ನನಗ ಅದೊಂದ ನೆನಪಾಗತದ. ಆ ಚೆಂಡು ಹೋಗಿತ್ತಂದ್ರ, ನಾ ಯಾವದರೆ ಒಂದು ಕೆಲಸಕ್ಕ ಬಿದ್ದೀನಿ ಅಂತ ತಿಳಕೋತಿದ್ದೆ."

ಹಜರತಬಿ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು. ಮೌನೇಶ ಚಹಾ ಕುಡಿಯದೆ ಎದ್ದು ಬಂದ. ಮನೆಗೆ ಹೋಗಲಿಲ್ಲ. ನೇರವಾಗಿ ಬಯಲಿಗೆ ಹೋದ. ಹುಡುಗರು ಆಡುತ್ತಿದ್ದರು. ತನ್ನ ಹೆಲ್ಮೆಟ್ ತೆಗೆದುಕೊಂಡು ಗೋಡೆಯ ಹಿಂದೆ ಹೋಗಿ ನಿಂತ. ಅವನ ಪಕ್ಕಕ್ಕೆ ಕಾವಲು ನಿಲ್ಲಲು ಇಬ್ಬರು ಬಂದರು.

"ಹೊರಗ ಹೋಗ್ರಿ" ಎಂದ. "ಇಬ್ಬರೂ ಹೋಗ್ರಿ. ದೂರ ನಿಂದರ್ರಿ."

ಅಂದಿನಿಂದ ಕಲಿಕೆ ಶುರುವಾಯಿತು. ಅದು ಸುಲಭದ್ದಾಗಿರಲಿಲ್ಲ. ಮಾಸ್ತರರು ಅವನಿಗೆ ಮೊದಲು ಎಸೆಯುವುದನ್ನು ಕಲಿಸಲಿಲ್ಲ, ನೋಡುವುದನ್ನು ಕಲಿಸಿದರು. ಚೆಂಡು ಏಳುವ ಮೊದಲೇ ಎದುರಾಳಿಗಳಲ್ಲಿ ಯಾರ ಮೈಭಾರ ಮುಂಗಾಲಿನ ಮೇಲಿದೆ, ಯಾರು ತಾನು ಕಾಯಬೇಕಾದವನನ್ನು ಬಿಟ್ಟು ಎಸೆಗಾರನನ್ನೇ ಕದ್ದು ನೋಡುತ್ತಿದ್ದಾನೆ ಎಂದು ಗುರುತಿಸಬೇಕು. ಏರಿ ಬರುವವನು ಎಲ್ಲಿಂದ ಬಂದನೋ ಆ ಜಾಗಕ್ಕೇ ಎಸೆಯಬೇಕು. ಅಲ್ಲಿಗೆ ತನ್ನ ಕಡೆಯವನು ತಿರುಗಿ ಬರುತ್ತಾನೆಂದು ನಂಬಬೇಕು. ಅವನು ಬಂದ ಮೇಲೆ ಎಸೆಯುತ್ತೇನೆಂದರೆ ತಡವಾಯಿತು.

ಪ್ರತಿ ಎಸೆತದ ಬೆನ್ನಿಗೇ ಒಬ್ಬನು ಹತ್ತಿ ತುಂಬಿದ ದಿಂಬು ಹಿಡಿದು ಓಡಿ ಬಂದು ಮೌನೇಶನನ್ನು ಕೆಡವುತ್ತಿದ್ದ. ಮಾಸ್ತರರ ಅಪ್ಪಣೆಯೇ ಹಾಗಿತ್ತು. ಮೊದಮೊದಲು ಹೊಡೆತ ಬೀಳುವ ಮುಂಚೆಯೇ ಅವನ ಕಣ್ಣು ಮುಚ್ಚುತ್ತಿತ್ತು, ಚೆಂಡು ನೆಲಕ್ಕೆ ಬೀಳುತ್ತಿತ್ತು. ಮಾಸ್ತರರು ಬಯ್ಯುತ್ತಿರಲಿಲ್ಲ. "ಮತ್ತೊಮ್ಮೆ" ಎನ್ನುತ್ತಿದ್ದರು, ಅಷ್ಟೇ. ಮೈಯೆಲ್ಲ ಹೊಡೆತಕ್ಕೆ ನೀಲಿಗಟ್ಟಿ, ಬೆಳಿಗ್ಗೆ ಉಳಿ ಹಿಡಿಯಲು ಕೈ ಏಳುತ್ತಿರಲಿಲ್ಲ. ಅಂಜಿಕೆ ಹೋಯಿತೇ ಎಂದು ನೀವು ಕೇಳಬಹುದು. ಹೋಗಲಿಲ್ಲ. ಆದರೆ ಅಂಜಿಕೆ ಇರುವಾಗಲೇ ಕಣ್ಣು ತೆರೆದಿಟ್ಟುಕೊಳ್ಳುವುದು ಅವನಿಗೆ ಅಭ್ಯಾಸವಾಯಿತು.

ಚಳಿಗಾಲ ಬಂತು. ಕಬ್ಬಿನ ನಾಡಿನ ತಂಡವೂ ಬಂತು. ಬಯಲಿನ ಸುತ್ತ ಜನ ಸೇರಿದ್ದರು. ದಾವಲನನ್ನು ಕರೆದುಕೊಂಡು ಬರುತ್ತೇವೆಂದು ಹುಡುಗರು ಆಟೋ ತೆಗೆದುಕೊಂಡು ಹೋಗಿದ್ದರು. "ನಾ ಬರೂದಿಲ್ಲ" ಎಂದು ಅವನು ಕಳಿಸಿಬಿಟ್ಟಿದ್ದ.

ಮೊದಲ ಸಲವೇ ಮೌನೇಶ ಸೋತ. ಹಿತ್ತಲು ಖಾಲಿಯಾಗಿತ್ತು. ಐವರೂ ಹರಡಿ ನಿಂತಿದ್ದರು. ಎಲ್ಲವೂ ಕಲಿತಂತೆಯೇ ಇತ್ತು. ಆದರೆ ಕಲ್ಮೇಶ ಓಡಿ ಬರುತ್ತಿರುವುದನ್ನು ಕಂಡೊಡನೆ ಅವನ ಕಿವಿಯಲ್ಲಿ ಆ ಹಳೆಯ ಸದ್ದು ಕೇಳಿಸಿತು. ಹಿಂದೆ ಸರಿದ. ಆನಿಕೊಳ್ಳಲು ಅಲ್ಲಿ ಯಾರ ಬೆನ್ನೂ ಇರಲಿಲ್ಲ. ಕಲ್ಮೇಶ ಅವನನ್ನು ಬಡಿದು ಕೆಡವಿದ, ಚೆಂಡು ಉರುಳಿಹೋಯಿತು, ಎದುರಾಳಿ ಅದನ್ನೆತ್ತಿಕೊಂಡು ಗೆರೆ ದಾಟಿದ. ಜನ ಕೂಗಿದರು. "ಒಬ್ಬಾಂವನ್ನ ಯಾಕ ಬಿಟ್ಟೀರಿ? ಯಾರರೆ ಅಡ್ಡ ನಿಂದರ್ರಿ!" ಎಂದು ಯಾರೋ ಒದರಿದರು.

ಮುಂದಿನ ಸರದಿಗೆ ತಂಡ ಗುಂಪುಗೂಡಿದಾಗ ಫಕೀರೇಶ ಅಂದ: "ಅಣ್ಣಾ, ನಾ ನಿನ್ನ ಬಾಜೂಕ ನಿಂದರ್ಲೇನು?"

ಫಕೀರೇಶನ ಕುತ್ತಿಗೆ ಕೋಳಿಯ ಕುತ್ತಿಗೆಯ ಹಾಗಿತ್ತು. ಮೌನೇಶ ಅವನನ್ನು ನೋಡಿದ. ಬೇಕು ಎಂದರೆ ಆ ಹುಡುಗ ಒಂದು ಮಾತೂ ಆಡದೆ ಬಂದು ನಿಲ್ಲುತ್ತಿದ್ದ. ಬೇಕು ಎಂಬ ಮಾತು ಮೌನೇಶನ ನಾಲಿಗೆಯ ತುದಿಗೆ ಬಂದಿತ್ತು.

"ಬ್ಯಾಡ" ಎಂದ. "ನೀ ನಿನ್ನ ಜಾಗಾಕ್ಕ ಹೋಗು. ಕಲ್ಮೇಶ ಹೊಂಟನಂದ್ರ ಒಳಗ ತಿರುಗು. ಚೆಂಡು ಬರ್ತದ."

ಮುಂದಿನ ಸಲ ಚೆಂಡು ಕೈಗೆ ಬಂದೊಡನೆ ಮೌನೇಶ ಎಸೆದ. ಎಸೆತ ಸಣ್ಣದು, ಸಿಕ್ಕಿದ ನೆಲವೂ ಕಡಿಮೆ. ಆದರೆ ಹಿಡಿಯುವವನಿಗೆ ತಲುಪಿತು. ಅದರ ಬೆನ್ನಿಗೇ ಒಬ್ಬ ಬಂದು ಅವನನ್ನು ಕೆಡವಿದ. ಎದ್ದ. ಮತ್ತೆ ಎಸೆದ, ಮತ್ತೆ ಬಿದ್ದ. ಎದುರಾಳಿಗಳು ಹೆಚ್ಚು ಹೆಚ್ಚು ಜನರನ್ನು ಕಳಿಸಿದರು. ಹೆಚ್ಚು ಜನ ಬಂದಷ್ಟೂ ಅವರ ಹಿಂದಿನ ಬಯಲು ಖಾಲಿಯಾಗುತ್ತಾ ಹೋಯಿತು. ಬಿದ್ದು ಬಿದ್ದು ಮೌನೇಶನ ಬಾಯಲ್ಲಿ ಮಣ್ಣೂ ರಕ್ತವೂ ಸೇರಿತ್ತು. ಆದರೆ ಅವನು ಬಿದ್ದಾಗಲೆಲ್ಲ ಚೆಂಡು ಬೇರೆಯವರ ಕೈಯಲ್ಲಿರುತ್ತಿತ್ತು. ನಡುವೆ ಬೆಟಗೇರಿಯವರು ಒಮ್ಮೆ ಗೆರೆ ದಾಟಿ ಸಮ ಮಾಡಿದರು.

ಆಟ ಮುಗಿಯುತ್ತಾ ಬಂತು. ಕೊನೆಯ ಸರದಿ ಬೆಟಗೇರಿಯದು. ಮೌನೇಶ ಎದುರಿಗೆ ನೋಡಿದ. ಕಲ್ಮೇಶ ಫಕೀರೇಶನ ಮುಂದೆ ನಿಂತಿದ್ದ. ಆದರೆ ಅವನ ಕಣ್ಣು ಫಕೀರೇಶನ ಮೇಲಿರಲಿಲ್ಲ. ಹಿಮ್ಮಡಿ ನೆಲದಿಂದ ಎದ್ದಿತ್ತು. ಮೌನೇಶ ಎಣಿಸಿದ. ಆರು ಜನ ಬರುತ್ತಾರೆ, ತಡೆಯಲು ಐವರಿದ್ದಾರೆ. ಕಲ್ಮೇಶನನ್ನು ತಡೆಯುವವರು ಯಾರೂ ಇಲ್ಲ.

ಚೆಂಡು ಬಂತು. ಕಲ್ಮೇಶ ಹೊರಟ. ಅವನು ಬೆಳೆಯುತ್ತಾ ಬೆಳೆಯುತ್ತಾ ಬಂದ ಹಾಗೆ ಕಂಡಿತು. ಮೌನೇಶ ಅವನನ್ನು ನೋಡಲಿಲ್ಲ. ಅವನ ಭುಜದ ಆಚೆಗೆ, ಅವನು ಬಿಟ್ಟು ಬಂದ ಜಾಗವನ್ನು ನೋಡಿದ. ಅಲ್ಲಿ ಆಗ ಯಾರೂ ಇರಲಿಲ್ಲ, ಫಕೀರೇಶ ಇನ್ನೂ ತಿರುಗಿಯೇ ಇರಲಿಲ್ಲ. ಮೌನೇಶ ಆ ಖಾಲಿ ಜಾಗಕ್ಕೆ ಚೆಂಡು ಎಸೆದ.

ಬಲಗೈ ಇನ್ನೂ ಮೇಲಿರುವಾಗಲೇ ಹೊಡೆತ ಬಿತ್ತು. ಅವನ ಕಣ್ಣು ತೆರೆದೇ ಇತ್ತು. ಆಕಾಶ ಕಂಡಿತು, ಆಮೇಲೆ ನೆಲ. ಬಲಗಡೆ ಕೊರಳಿನಿಂದ ಭುಜಕ್ಕೆ ಹೋಗುವ ಎಲುಬು ಮುರಿದದ್ದು ಅವನಿಗೇ ಕೇಳಿಸಿತು. ಚೆಂಡು ಏನಾಯಿತೆಂದು ಅವನು ನೋಡಲಿಲ್ಲ. ಜನರ ಕೂಗು ಮಾತ್ರ ಕೇಳಿಸಿತು. ಅದು ನಿಲ್ಲಲೇ ಇಲ್ಲ, ಏರುತ್ತಲೇ ಹೋಯಿತು. ಫಕೀರೇಶ ತಿರುಗುವಷ್ಟರಲ್ಲಿ ಚೆಂಡು ಅವನ ಎದೆಗೆ ಬಂದಿತ್ತು. ಅವನ ಮುಂದೆ ಯಾರೂ ಇರಲಿಲ್ಲ. ಇರಬೇಕಾದವರೆಲ್ಲ ಮೌನೇಶನ ಮೇಲೆ ಏರಿ ಬಂದಿದ್ದರು. ಅವನು ಓಡಿ ಗೆರೆ ದಾಟಿದ.

ಕಲ್ಮೇಶ ಮೌನೇಶನ ಪಕ್ಕದಲ್ಲಿ ಮಂಡಿಯೂರಿದ. ಅವನ ಮುಖ ಬಿಳಿಚಿತ್ತು. "ಕಾಲು ಆಡಸು" ಎಂದ. "ಮೊದಲ ಕಾಲು ಆಡಸಪಾ."

ಮೌನೇಶ ಕಾಲು ಆಡಿಸಿದ. ಕಲ್ಮೇಶ ಉಸಿರು ಬಿಟ್ಟ.

"ನಾ ಬರೂದು ನಿನಗ ಕಂಡಿತ್ತೇನು?"

"ಕಂಡಿತ್ತು."

"ಮತ್ತ ಯಾಕ ತಪ್ಪಿಸಿಕೊಳ್ಳಲಿಲ್ಲ?"

"ತಪ್ಪಿಸಿಕೊಳ್ಳಾಕ ಹೋಗಿದ್ದರ ಒಗ್ಯಾಕ ಆಗ್ತಿರಲಿಲ್ಲ" ಎಂದ ಮೌನೇಶ.

ಕಲ್ಮೇಶ ತನ್ನ ಕೈ ಕೊಟ್ಟು ಅವನನ್ನು ಮೆಲ್ಲಗೆ ಎಬ್ಬಿಸಿದ. ಜಯವಂತ ಮಾಸ್ತರರು ಬಂದು ಶಿಷ್ಯನ ಮುಂದೆ ನಿಂತರು. ಹೊಗಳಲಿಲ್ಲ. ಅವನ ಹೆಲ್ಮೆಟ್ ಬಿಚ್ಚಿ, ಬಾಯಲ್ಲಿದ್ದ ಮಣ್ಣನ್ನು ತಮ್ಮ ಟವೆಲಿನಿಂದ ಒರೆಸಿದರು.

ಎಲುಬು ಕಟ್ಟಿಸಿಕೊಂಡು, ತೋಳನ್ನು ಕೊರಳಿಗೆ ತೂಗುಹಾಕಿಕೊಂಡು, ಮರುದಿನ ಮೌನೇಶ ದಾವಲನ ಮನೆಗೆ ಹೋದ. ಗೆದ್ದ ಸುದ್ದಿ ಅವನಿಗಿಂತ ಮೊದಲೇ ಓಣಿಗೆ ಬಂದಿತ್ತು. ಬಾಗಿಲಲ್ಲಿ ಹಜರತಬಿ ಅವನನ್ನು ತಡೆದಳು.

"ಬಾರಪ್ಪಾ, ಬರಬ್ಯಾಡ ಅನ್ನೂದಿಲ್ಲ. ಆದರ ಆಟದ ಮಾತು ಒಳಗ ತರಬ್ಯಾಡ. ನಿನ್ನೆ ಇಡೀ ದಿನ ಆ ಬಯಲಿನ ಕೂಗು ಇಲ್ಲಿಗೆ ಕೇಳಸ್ತಿತ್ತು. ದಾವಲ ದಿಂಬು ಕಿವಿಗೆ ಒತ್ತಿಕೊಂಡು ಮಲಗಿದ್ದ."

"ಆಗಲಿ ಚಾಚಿ" ಎಂದ ಮೌನೇಶ.

ಒಳಗೆ ಹೋದ. ದಾವಲ ಅವನ ಕೊರಳಿಗೆ ತೂಗುತ್ತಿದ್ದ ತೋಳನ್ನು ನೋಡಿದ. ಎಷ್ಟೋ ಹೊತ್ತು ನೋಡಿದ. ಮೌನೇಶ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಆ ಕೋಣೆಯಲ್ಲಿ ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಅವನು ಗೆದ್ದ ಆಟದಿಂದ ಆ ಮಂಚದ ಮೇಲಿನ ಕಾಲುಗಳಲ್ಲಿ ಒಂದು ಬೆರಳೂ ಅಲುಗುವುದಿಲ್ಲ. ಹೋದ ವರ್ಷ ಎಸೆಯಬೇಕಿದ್ದ ಚೆಂಡನ್ನು ಈ ವರ್ಷ ಎಸೆದಿದ್ದ.

"ಒಂದ ಕಡೆ ಮಲಗಿ ಮಲಗಿ ಬೆನ್ನು ಹುಣ್ಣಾಗೇದ" ಎಂದ ದಾವಲ ಕೊನೆಗೆ. "ಅವ್ವನ ಕೈಲೆ ಆಗವಲ್ಲದು. ಗ್ವಾಡಿ ಕಡೆ ಹೊಳ್ಳಸು."

ಮೌನೇಶ ಎದ್ದ. ಆಡುವ ಎಡಗೈಯೊಂದನ್ನೇ ದಾವಲನ ಸೊಂಟದ ಕೆಳಗೆ ತೂರಿಸಿ, ತನ್ನ ಎದೆಯನ್ನೇ ಆಸರೆ ಕೊಟ್ಟು, ನಿಧಾನವಾಗಿ ಅವನನ್ನು ಗೋಡೆಯ ಕಡೆ ಹೊರಳಿಸಿದ. ಮುರಿದ ಎಲುಬು ಚುಚ್ಚಿ ಕಣ್ಣಿಗೆ ಕತ್ತಲೆ ಬಂತು. ಅವನು ಕೈ ಬಿಡಲಿಲ್ಲ. ಕಾಲುಗಳನ್ನು ಒಂದೊಂದಾಗಿ ಎತ್ತಿ ಸರಿಯಾಗಿ ಇಟ್ಟ. ದಾವಲ ಗೋಡೆಗೆ ಮುಖ ಮಾಡಿಕೊಂಡೇ, "ನಾಳೆ ಇಷ್ಟೊತ್ತಿಗೆ ಬಾ" ಎಂದ.

ಮೌನೇಶ ಮರುದಿನ ಹೋದ. ಅದರ ಮರುದಿನವೂ ಹೋದ. ಈಗಲೂ ಹೋಗುತ್ತಾನೆ.

ನೀತಿ

ಆಪತ್ತು ಏರಿ ಬಂದಾಗ ನಮ್ಮನ್ನು ಪ್ರೀತಿಸುವವರ ಬೆನ್ನ ಹಿಂದೆ ಅಡಗಿದರೆ ಆಪತ್ತು ತಪ್ಪುವುದಿಲ್ಲ, ಅದು ಅವರ ಮೇಲೆ ಬೀಳುತ್ತದೆ. ನಮ್ಮ ಪಾಲಿನ ಹೊಡೆತವನ್ನು ನಾವೇ ತಿನ್ನಲು ಒಪ್ಪಿ, ಬರುವವನನ್ನಲ್ಲ, ಅವನು ಬಿಟ್ಟು ಬಂದ ಜಾಗವನ್ನು ಕಣ್ಣು ತೆರೆದು ನೋಡಬೇಕು. ಮಾಡಬೇಕಾದ್ದನ್ನು ಆ ಕ್ಷಣದಲ್ಲೇ ಮಾಡಬೇಕು. ತಡವಾಗಿ ಬಂದ ಧೈರ್ಯ ಮುಂದಿನವರನ್ನು ಉಳಿಸಬಹುದು. ಮೊದಲು ಬಿದ್ದವನನ್ನು ಅದು ಎಬ್ಬಿಸಲಾರದು.